ಹರಿದಲ್ಲಿ ದಡಿ

ಕೆಲವು ವರ್ಷಗಳ ಹಿಂದಿನ ಮಾತು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಲ್ಕೇ ದಿನ ಉಳಿದಿದ್ದವು. ಹುನಗುಂದದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತು, ನನಗಿಂತ ಹತ್ತು ವರ್ಷ ಸಣ್ಣ ಹುಡುಗನ ಮೇಲೆ ಹರಿಹಾಯ್ದೆ. ಇಳಕಲ್ಲಿನ ನಮ್ಮ ಓಣಿಯ ನೇಕಾರರ ಸೀರೆಗಳಿಗೆ ನಾನೇ ವೆಬ್ ಪುಟವಾಗಿ ಮಾಡಿದ ದರಪಟ್ಟಿ ಅದು. ಒಂದೊಂದು ಸೀರೆಗೆ ಒಂದೊಂದು ಚೌಕ, ಸುತ್ತ ದಾಳಿಂಬೆ ಬಣ್ಣದ ದಪ್ಪ ಅಂಚು. ಪರದೆಯ ಮೇಲೆ ಸೀರೆ ಹಾಸಿಟ್ಟಂತೆ ಕಾಣುತ್ತಿತ್ತು. ಕಾಗದದ ಮೇಲೆ ಎಡಬಲದ ಅಂಚೇ ನಾಪತ್ತೆ. ಪುಟದ ಕೊನೆಗೆ ಬಂದ ಚೌಕವಂತೂ ಎರಡು ಹೋಳಾಗಿತ್ತು: ಮೇಲಿನದಕ್ಕೆ ಕೆಳಗಂಚಿಲ್ಲ, ಮುಂದಿನ ಪುಟದ್ದಕ್ಕೆ ಮೇಲಂಚಿಲ್ಲ. ಅಂಥವು 200 ಪ್ರತಿ.

“ಅಣ್ಣಾರ, ಫೈಲ್ ಹೆಂಗೈತೋ ಹಂಗ ಹೊಡದೀನ್ರಿ,” ಅಂದ ಹುಡುಗ.

“ನಿನ್ನ ಮಷೀನ್ ಕೆಟ್ಟೈತಿ,” ಅಂದೆ. ಅರ್ಧ ದುಡ್ಡು ಮುರಿದುಕೊಂಡು ಬಂದೆ.

ರಾತ್ರಿ ಫೈಲ್ ತೆರೆದೆ. ಮುದ್ರಿಸುವಾಗ ಬ್ರೌಸರ್ ಪುಟದ ತಲೆಗೂ ಬುಡಕ್ಕೂ ತಾನಾಗಿ ಒತ್ತುವ ತಾರೀಖು, ವಿಳಾಸ ಕಾಣಬಾರದೆಂದು ವೆಬ್ ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್ ಭಾಷೆಯ ‘ಪೇಜ್’ ನಿಯಮದಲ್ಲಿ ಮಾರ್ಜಿನ್ ಸೊನ್ನೆ ಎಂದು ಬರೆದಿದ್ದೆ. ತಾರೀಖು ಹೋಯಿತು ನಿಜ. ಆದರೆ ಸಾದಾ ಪ್ರಿಂಟರು ಕಾಗದದ ಅಂಚಿನ ಕೆಲವು ಮಿಲಿಮೀಟರನ್ನು ಮುಟ್ಟುವುದೇ ಇಲ್ಲ. ನನ್ನ ದಾಳಿಂಬೆ ಅಂಚು ಕೂತಿದ್ದು ಸರಿಯಾಗಿ ಅಲ್ಲೇ. ಹುಡುಗ ಹೇಳಿದ್ದು ಅಕ್ಷರಶಃ ಸತ್ಯ.

ಆಗಲೂ ಮನಸ್ಸು ನೆಪ ಹುಡುಕಿತು. ತಪ್ಪು ಸಿಎಸ್‌ಎಸ್‌ನದು ಎಂದುಕೊಂಡೆ. 1998ರ ಎರಡನೇ ಆವೃತ್ತಿಯಲ್ಲೇ ಪುಟಕ್ಕೆ ನಿಯಮ ಬಂತು. ಆದರೆ ಅದರಲ್ಲಿ ಪುಟಕ್ಕೆ ಮಾರ್ಜಿನ್ ಉಂಟು, ಬಾರ್ಡರ್ ಇಲ್ಲ. ಆಮೇಲಿನ ಕರಡು ಪುಟಕ್ಕೂ ಬಾರ್ಡರ್ ಕೊಟ್ಟಿತು. ಮಾರ್ಜಿನ್ನಿನ ಜಾಗವನ್ನು ಸುತ್ತಲೂ 16 ಮನೆಗಳಾಗಿ ಹಂಚಿ, ಪುಟಸಂಖ್ಯೆ, ಶೀರ್ಷಿಕೆಗಳನ್ನು ಅಲ್ಲಿ ಕೂರಿಸಿರೆಂದಿತು. ಕ್ರೋಮ್ ಆ ಮನೆಗಳ ಬೀಗ ತೆಗೆದದ್ದು 2024ರಲ್ಲಿ. ಎಲ್ಲವೂ ನಿಜ. ಆದರೆ ಸೊನ್ನೆ ಬರೆದದ್ದು ಸಿಎಸ್‌ಎಸ್ ಅಲ್ಲ, ನಾನು. 200 ಪ್ರತಿ ಹೊಡೆಸುವ ಮುಂಚೆ ಒಂದೇ ಒಂದು ಪ್ರತಿ ತೆಗೆದು ನೋಡದವನೂ ನಾನೇ.

ಎರಡು ಹೋಳಾದ ಚೌಕದ ಗುಟ್ಟು ಬಿಡಿಸಿದವಳು ಅವ್ವ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ವಯಸ್ಸು ಸವೆಸಿದವಳು. ಮರುದಿನ ಮುಂಜಾನೆ ಆ ಕಾಗದ ನೋಡಿ ನಕ್ಕಳು.

“ಅಲ್ಲೋ, ಹರಿದಲ್ಲಿ ದಡಿ ಎಲ್ಲಿಂದ ಬರತೈತಿ? ದಡಿ ಬೇಕಂದ್ರ ಹಾಸು ಹಾಕೂಮುಂದನ ಎಣಸಬೇಕು.”

ಸೀರೆಯ ದಡಿ ಉದ್ದಕ್ಕೆ ಎರಡೂ ಮಗ್ಗುಲು ಹಾಸಿನಲ್ಲೇ ಹರಿದು ಬರುತ್ತದೆ. ಅಡ್ಡ ಕತ್ತರಿಸಿದರೆ ಕತ್ತರಿಸಿದ ಜಾಗಕ್ಕೆ ದಡಿ ಇರುವುದಿಲ್ಲ. ಸಿಎಸ್‌ಎಸ್ ಎಣಿಸುವುದೂ ಹಾಗೆಯೇ. ಚೌಕವೆಂದರೆ ಒಂದೇ ಬಟ್ಟೆ. ಪುಟ ಮುರಿದರೆ ಬಟ್ಟೆ ಹರಿದಂತೆ. ಬೇರೆ ಹೇಳದಿದ್ದರೆ ಸಿಎಸ್‌ಎಸ್ ಹಿಡಿಯುವ ದಾರಿಗೆ ‘ಸ್ಲೈಸ್’ ಎಂದು ಹೆಸರು, ಅಂದರೆ ಹೋಳು. ‘ಕ್ಲೋನ್’ ಎಂದರೆ ಪ್ರತಿ ಹೋಳಿಗೂ ನಾಲ್ಕು ಕಡೆ ಅಂಚು ಕಟ್ಟುತ್ತದೆ. ಮುರಿಯಲೇಬೇಡ ಎಂದೂ ಹೇಳಬಹುದು. ಪುಟ ತಾನಾಗಿ ಮುರಿದಲ್ಲಿ ಎರಡು ಚೌಕಗಳ ನಡುವಿನ ಮಾರ್ಜಿನ್ನೂ ಸೊನ್ನೆಯಾಗುತ್ತದೆ. ನೆರೆಮನೆಯೇ ಇಲ್ಲದ ಮೇಲೆ ಓಣಿ ಯಾತಕ್ಕೆ?

ಇಳಕಲ್ಲಿನಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು. ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಊರು ನಮ್ಮದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗಬೇಕೆಂದು ಲಾಳಿ ಓಡುವ ಮುಂಚೆಯೇ ಇಲ್ಲಿ ತೀರ್ಮಾನವಾಗಿರುತ್ತದೆ. ನಾನೋ ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಕಲಿತು, ಅಂಚೆಂದರೆ ಕಡೆಗೆ ಬಳಿಯುವ ಬಣ್ಣ ಎಂದುಕೊಂಡವನು. ಅವ್ವನ ಕೆಲಸ ಕೈಯದು, ನನ್ನದು ತಲೆಯದು ಎಂಬ ಸೊಕ್ಕು ಒಳಗೆಲ್ಲೋ ಇತ್ತು. ಆ ಸೊಕ್ಕೇ ಅಂಗಡಿಯಲ್ಲಿ ಬಾಯಿ ತೆರೆದದ್ದು. ಪ್ರಿಂಟ್ ತೆಗೆಯುವ ಹುಡುಗನಿಗೆ ನನಗಿಂತ ಹೆಚ್ಚು ತಿಳಿದಿರಲು ಸಾಧ್ಯವಿಲ್ಲ ಎಂದೇ ನಾನು ಅವನ ಮಾತಿಗೆ ಕಿವಿಗೊಡಲಿಲ್ಲ.

ಎರಡು ಸಾಲು ತಿದ್ದಿದೆ: ಪುಟದ ಮಾರ್ಜಿನ್ 15 ಮಿಲಿಮೀಟರ್, ಚೌಕ ಮುರಿಯಕೂಡದು. ತಾರೀಖು, ವಿಳಾಸ ಬೇಡವಾದರೆ ಮುದ್ರಿಸುವಾಗ ಒಂದು ಗುರುತು ತೆಗೆದರೆ ಸಾಕಿತ್ತು. ಅದೇ ಅಂಗಡಿಗೆ ಹೋಗಿ ಮತ್ತೆ 200 ಪ್ರತಿ ಹೊಡೆಸಿದೆ. ಮುರಿದುಕೊಂಡಿದ್ದ ದುಡ್ಡನ್ನೂ ಸೇರಿಸಿ ಕೊಟ್ಟೆ. “ಇದ್ಯಾತರದ್ರಿ ಅಣ್ಣಾರ?” ಎಂದು ಕೇಳಿದ. “ಹಿಂದಿನ ಬಾಕಿ,” ಅಂದೆ.

ಹುಡುಗ ಮೊದಲ ಕಾಗದ ಬೆಳಕಿಗೆ ಹಿಡಿದ. ನಾಲ್ಕೂ ಕಡೆ ಅಂಚು ಅಚ್ಚುಕಟ್ಟಾಗಿ ಬಂದಿತ್ತು. ಮುಖ ಅರಳಿತು.

“ಮೊನ್ನೆ ರೋಲರ್ ಎಲ್ಲಾ ಬಿಚ್ಚಿ ಒರಸೀನ್ರಿ. ಈಗ ಮಷೀನ್ ಸುದ್ದ ಆಗೈತಲ್ರಿ?”

“ಹೂಂ,” ಅಂದೆ.