ಕಾಕಾನ ಮೋಟಾರು

ವಾಡಿಯ ರೇಲ್ವೆ ಸ್ಟೇಶನ್ನಿನ ಮುಂದೆ ನಮ್ಮ ಕಾಕಾ ಇಪ್ಪತ್ತೈದು ವರುಷ ಬಾಡಿಗೆಯ ಮೋಟಾರು ನಡೆಯಿಸಿದರು. ರೈಲಿನಿಂದ ಇಳಿದವರನ್ನು ಚಿತ್ತಾಪುರಕ್ಕೋ ಸೇಡಮ್ಮಿಗೋ, ರೈಲುದಾರಿಯೇ ಇಲ್ಲದ ಚಿಂಚೋಳಿಗೋ ಮುಟ್ಟಿಸುವದು ಅವರ ವೃತ್ತಿಯಾಗಿತ್ತು. ಆ ಅಂಬಾಸಡರ್ ಗಾಡಿಯು ಕೆಟ್ಟು ನಿಂತಿತೆಂದರೆ ಕಾಕುವಿನ ಮುಖ ಬಾಡುತ್ತಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಅದರ ದುಡಿಮೆಯಿಂದಲೇ.

ಬಿಡಿಭಾಗ ಬೇಕಾದರೆ ಹೈದರಾಬಾದಿಗೆ ಹೋಗಬೇಕು. ಅಲ್ಲಿಯೂ ದೊರೆಯದಿದ್ದರೆ ಶಹಾಬಾದದ ಲೇತ್ ಕೆಲಸಗಾರನೇ ಗತಿ. ದೊಡ್ಡ ಕಾರಖಾನೆಯಲ್ಲಿ ಕೈ ಪಳಗಿಸಿಕೊಂಡಿದ್ದ ಆತನು ಸವೆದ ಬುಶ್ಶನ್ನು ಎರಡು ಸಲ ತಿರುಗಿಸಿ ನೋಡಿ, ಸಂಜೆಯೊಳಗೆ ಹೊಸದನ್ನು ಕಡೆದು ಕೊಡುತ್ತಿದ್ದನು. “ಈ ಗಾಡಿ ಕಂಪನಿ ಮಾಡಿದ್ದು ಅರ್ಧ, ಶಹಾಬಾದ ಮಾಡಿದ್ದು ಅರ್ಧ” ಎಂದು ಕಾಕಾ ನಗುತ್ತಿದ್ದರು.

ವಾಚಕರೇ, ಆ ವಿನೋದದಲ್ಲಿ ಮೋಟಾರು ಉದ್ಯಮದ ಮರ್ಮವೇ ಅಡಗಿದೆ. ಸಣ್ಣ ತಿರುಪುಮೊಳೆಗಳನ್ನೂ ಹಿಡಿದು ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಭಾಗಗಳಿರುತ್ತವೆ. ಅಷ್ಟನ್ನೂ ಮಾಡುವವರಾರು? ಅಮೇರಿಕೆಯ ಹೆನ್ರಿ ಫೋರ್ಡನು ತನ್ನ ರೂಜ್ ಕಾರಖಾನೆಯಲ್ಲಿ, ಒಂದು ಕಡೆ ಅದಿರು ಒಳಹೊಕ್ಕು ಇನ್ನೊಂದು ಕಡೆ ಮೋಟಾರು ಹೊರಬರಬೇಕೆಂದು ಹವಣಿಸಿದನು. ಜಪಾನಿನ ಟೊಯೊಟಾದವರು ಬೇರೆ ದಾರಿ ಹಿಡಿದರು: ಭಾಗಗಳ ಕೆಲಸವನ್ನು ಸುತ್ತಲಿನ ಕಾರಖಾನೆಗಳಿಗೆ ಹಂಚಿ, ಬೇಕಾದ ಹೊತ್ತಿಗೆ ಬೇಕಾದಷ್ಟನ್ನೇ ತರಿಸಿಕೊಂಡರು. ನಮ್ಮ ಗೃಹಿಣಿಯರಿಗೆ ಇದು ಹೊಸತಲ್ಲ. ಯಾರೂ ತಿಂಗಳ ಹಾಲನ್ನು ಕೂಡಿಡುವದಿಲ್ಲ. ಗೌಳಿಯು ಬೆಳಗಿಗೆ ತಪ್ಪದೆ ಬರುವನೆಂಬ ನಂಬುಗೆ ಸಾಕು. ಆದರೆ ಗೌಳಿಯ ಮನೆ ಹತ್ತಿರವಿರಬೇಕು.

ನಮ್ಮ ದೇಶದಲ್ಲಿಯೂ ಹೀಗೆಯೇ ನಡೆಯಿತು. 1957ರಿಂದ 2014ರವರೆಗೆ ಅಂಬಾಸಡರನ್ನು ತಯಾರಿಸಿದ ಬಂಗಾಲದ ಉತ್ತರಪಾಡಾ ಕಾರಖಾನೆಯು ಬಹಳಷ್ಟು ಭಾಗಗಳನ್ನು ತನ್ನೊಳಗೇ ಮಾಡಿಕೊಳ್ಳುತ್ತಿತ್ತು. 1983ರಲ್ಲಿ ಮಾರುತಿ ಬಂದ ಮೇಲೆ ಗುರುಗಾಂವದ ಸುತ್ತ ಪೂರೈಕೆದಾರರ ಬಳಗ ಬೆಳೆಯಿತು. ಬೆಂಗಳೂರಿನಲ್ಲಿ ಮೊದಲಿನಿಂದಲೇ ಮೈಕೋ ಇತ್ತು. 1999ರ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರದವರ ಕ್ವಾಲಿಸ್ ಹೊರಬಿದ್ದಾಗ ಆ ಸೀಮೆಯಲ್ಲಿ ಭಾಗಗಳ ಕಾರಖಾನೆಗಳು ಹೆಚ್ಚಿದವು. ನಮ್ಮಲ್ಲಿ ಹಾಸುಗಲ್ಲುಂಟು, ಸಿಮೆಂಟುಂಟು, ಜಂಕ್ಷನ್ ಉಂಟು, ಕಲಿತ ಕೈಗಳೂ ಉಂಟು. ಆದರೆ ಕರೆದು ಕೆಲಸ ಕೊಡುವ ತಾಯಿ-ಕಾರಖಾನೆ ಬರಲಿಲ್ಲ. ಆದಕಾರಣ ಕಾಕಾನ ಮಗನು ಬಿಡದಿಯ ಕಡೆಗೆ ಹೋಗಿ, ಹೊಗೆಕೊಳವೆ ಮಾಡುವ ಸಣ್ಣ ಕಾರಖಾನೆಯನ್ನು ಸೇರಿದನು.

ಕಳೆದ ದೀಪಾವಳಿಗೆ ಅವನು ಊರಿಗೆ ಬಂದಿದ್ದನು. ಕಾಕಾ ಅದೇ ತಾನೆ ಹಳೆಯ ಗಾಡಿಯನ್ನು ಮಾರಿದ್ದರು. ಆ ಹಣದಿಂದ ಸೋರುವ ಚಾವಣಿಯನ್ನು ದುರಸ್ತಿ ಮಾಡಿಸುವದೆಂದು ಗೊತ್ತಾಗಿತ್ತು. ಊಟಕ್ಕೆ ಕುಳಿತಾಗ ಮಗನು ವಿದ್ಯುತ್ತಿನ ಕಾರುಗಳ ಮಾತು ತೆಗೆದನು. ಬೆಂಗಳೂರಿನಲ್ಲಿ 2001ರಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂದಿತ್ತು. ಈಗ ದೊಡ್ಡ ಕಂಪನಿಗಳೆಲ್ಲ ಅದೇ ಹಾದಿ ಹಿಡಿದಿವೆ.

“ಅದರಲ್ಲಿ ಹೊಗೆಯೇ ಇಲ್ಲವಂತಲ್ಲಪ್ಪಾ?” ಎಂದರು ಕಾಕು.

“ಹೌದವ್ವಾ.”

“ಹಾಗಾದರೆ ಹೊಗೆಕೊಳವೆ?”

ಅವನು ಉತ್ತರ ಕೊಡದೆ ರೊಟ್ಟಿ ಮುರಿಯುತ್ತ ಕುಳಿತನು. ಗಾಡಿ ಮಾಡುವವನು ಪದ್ಧತಿ ಬದಲಿಸಿದರೆ, ಅವನಿಗಾಗಿ ಒಂದೇ ಭಾಗ ಮಾಡುತ್ತಿದ್ದವನ ಗತಿಯೇನೆಂಬುದು ನಮಗೆಲ್ಲ ಆ ಗಳಿಗೆಗೆ ಹೊಳೆಯಿತು.

ಕಾಕಾ ಕೈ ತೊಳೆದು ಬಂದು ಮೆಲ್ಲನೆ ಕೇಳಿದರು: “ವಿದ್ಯುತ್ತಿನ ಕೆಲಸ ಕಲಿಯಲಿಕ್ಕೆ ಎಷ್ಟು ಹಣ ಬೇಕು?”

ಮಗನು ಹೇಳಿದನು. ಗಾಡಿ ಮಾರಿ ಬಂದದ್ದಕ್ಕಿಂತ ಅದು ತುಸುವೇ ಕಡಿಮೆ.

ಕಾಕು ಚಾವಣಿಯನ್ನೊಮ್ಮೆ ನೋಡಿದರು. “ಇನ್ನೊಂದು ಮಳೆಗಾಲ ಬೋಗುಣಿ ಇಟ್ಟುಕೊಂಡರಾಯಿತು,” ಎಂದು ಮಗನ ಗಂಗಾಳಕ್ಕೆ ಮತ್ತೊಂದು ರೊಟ್ಟಿ ಹಾಕಿದರು.