ಮೊಣಕೈಗೆ ಸೂಜಿ, ಹೊಟ್ಟೆಗೆ ನೆಮ್ಮದಿ

ಹೊಟ್ಟೆ ನೋವೆಂದು ಮಲಗಿದವನ ಮೊಣಕೈಗೂ ಮೊಣಕಾಲಿಗೂ ಸೂಜಿ ಚುಚ್ಚಿದರೆ ಏನನ್ನಬೇಕು? ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆ ನೆನಪಾಗುವುದು ಸಹಜ.

1971ರ ಜುಲೈನಲ್ಲಿ ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ಹೀಗೆ ಚುಚ್ಚಿಸಿಕೊಂಡವರು ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಸರಾಂತ ಪತ್ರಕರ್ತ ಜೇಮ್ಸ್ ರೆಸ್ಟನ್. ಅವರಿಗಾಗ 61 ವರ್ಷ. ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಬರಲಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲೇ ತಮ್ಮ ಹೊಟ್ಟೆಯ ಕೆಳಭಾಗದಲ್ಲಿ ಮೊದಲ ನೋವು ಕಾಣಿಸಿತೆಂದು ಅವರೇ ಆಮೇಲೆ ತಮಾಷೆಯಾಗಿ ಬರೆದುಕೊಂಡರು. ಸಂಜೆಯ ಹೊತ್ತಿಗೆ ಸುಡುವ ಜ್ವರ. ಅಪೆಂಡಿಕ್ಸ್ ಊದಿತ್ತು. ಚೀನೀ ವೈದ್ಯರು ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆದುಹಾಕಿದರು.

ಎರಡನೆಯ ರಾತ್ರಿ ಹೊಟ್ಟೆ ಉಬ್ಬರಿಸಿಕೊಂಡು ಸಂಕಟ ಶುರುವಾಯಿತು. ಆಗ ಬಂದವರು 36 ವರ್ಷದ ಸೂಜಿ ವೈದ್ಯರು. ಬಲ ಮೊಣಕೈಯ ಹೊರಬದಿಗೆ ಮತ್ತು ಮೊಣಕಾಲುಗಳ ಕೆಳಗೆ ತೆಳ್ಳನೆಯ ಉದ್ದ ಸೂಜಿಗಳನ್ನು ಇಳಿಸಿ ಮೆಲ್ಲನೆ ತಿರುವಿದರು. ಮಾಚಿಪತ್ರೆಯ ಜಾತಿಯ ಮೂಲಿಕೆಯೊಂದಕ್ಕೆ ಬೆಂಕಿ ತಾಗಿಸಿ ಹೊಟ್ಟೆಯ ಸಮೀಪ ಕಾವು ಹಿಡಿದರು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು. ಮತ್ತೆ ಬರಲಿಲ್ಲ. ಜುಲೈ 26ರಂದು ಅವರ ಬರಹ ಅಚ್ಚಾದಾಗ ಅಮೆರಿಕದ ಮನೆಮನೆಗಳಲ್ಲಿ ಅಕ್ಯುಪಂಕ್ಚರ್ ಎಂಬ ಪದ ಓಡಾಡಿತು.

ಸುದ್ದಿಗೆ ಕಾಲು ಮೂಡುವುದು ಹೇಗೆಂದು ನೋಡಿ. ರೆಸ್ಟನ್ ಅವರಿಗೆ ಅರಿವಳಿಕೆಯೇ ಇಲ್ಲದೆ, ಬರೀ ಸೂಜಿಯಿಂದ ಶಸ್ತ್ರಚಿಕಿತ್ಸೆ ಮಾಡಿದರೆಂಬ ಮಾತು ಹಬ್ಬಿತು. ಅವರು ಬರೆದದ್ದು ಹಾಗಲ್ಲ. ಶಸ್ತ್ರಚಿಕಿತ್ಸೆಗೆ ಕೊಟ್ಟದ್ದು ಮಾಮೂಲು ಅರಿವಳಿಕೆಯ ಚುಚ್ಚುಮದ್ದು. ಸೂಜಿ ಬಂದದ್ದು ಆಮೇಲೆ.

ಇರಲಿ. ಮೊಣಕೈಗೂ ಹೊಟ್ಟೆಗೂ ಏನು ನಂಟು? ಚೀನಾದ ಸುಮಾರು ಎರಡು ಸಾವಿರ ವರ್ಷ ಹಳೆಯ ವೈದ್ಯಗ್ರಂಥ ‘ಹ್ವಾಂಗ್‌ಡಿ ನೇಜಿಂಗ್’ ಇದಕ್ಕೆ ಉತ್ತರ ಹೇಳುತ್ತದೆ. ದೇಹದಲ್ಲಿ ‘ಚೀ’ ಎಂಬ ಚೈತನ್ಯ 12 ಮುಖ್ಯ ಮಾರ್ಗಗಳಲ್ಲಿ ಹರಿಯುತ್ತದಂತೆ. ಇವೇ ಮೆರಿಡಿಯನ್‌ಗಳು. ಗ್ರಂಥ ಇವನ್ನು ಚೀನಾದ 12 ನದಿಗಳಿಗೆ ಹೋಲಿಸುತ್ತದೆ. ಹರಿವು ಕಟ್ಟಿಕೊಂಡರೆ ನೋವು. ಸೂಜಿಯಿಂದ ತಡೆ ಬಿಡಿಸಿದರೆ ಆರಾಮ. ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ಕೆಳಗಿನ ಗದ್ದೆ ಒಣಗುವುದಿಲ್ಲವೇ, ಹಾಗೆ. ಕರುಳಿನ ಮಾರ್ಗ ಮೊಣಕೈಯ ಹೊರಬದಿಯಲ್ಲಿ, ಜಠರದ ಮಾರ್ಗ ಕಾಲಿನ ಮುಂಬದಿಯಲ್ಲಿ ಹಾದುಹೋಗುತ್ತದೆಂಬುದು ಅವರ ಲೆಕ್ಕ. ಈ 12 ಮಾರ್ಗಗಳು, ಜೊತೆಗೆ ದೇಹದ ಹಿಂದೆ ಮುಂದೆ ನಡುಗೆರೆಯ ಎರಡು ಮಾರ್ಗಗಳು ಸೇರಿ 361 ಬಿಂದುಗಳು. ಇವುಗಳ ಜಾಗವನ್ನು 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಪುಸ್ತಕ ಗುರುತಿಸಿಕೊಟ್ಟಿದೆ.

ಆದರೆ ದೇಹವನ್ನು ಕೊಯ್ದು ನೋಡಿದ ಅಂಗರಚನಾ ಶಾಸ್ತ್ರಕ್ಕೆ ರಕ್ತನಾಳ ಸಿಕ್ಕಿದೆ, ನರ ಸಿಕ್ಕಿದೆ. ಮೆರಿಡಿಯನ್ ಎಂಬ ಕೊಳವೆ ಸಿಕ್ಕಿಲ್ಲ. ಹಾಗಾದರೆ ನೋವು ಕಡಿಮೆಯಾದದ್ದು ಸುಳ್ಳೇ? ಅವಸರ ಬೇಡ. ವಿವರಣೆ ತಪ್ಪಿದ್ದರೂ ಅನುಭವ ನಿಜವಿರಬಹುದು.

ಹೊಸಿಲು ಎಡವಿ ಬೆರಳು ಜಜ್ಜಿಕೊಂಡ ಮಗು ಮೊದಲು ಮಾಡುವುದೇನು? ಆ ಜಾಗವನ್ನು ಗಟ್ಟಿಯಾಗಿ ಉಜ್ಜುತ್ತದೆ. ನೋವು ತುಸು ತಗ್ಗುತ್ತದೆ. ಬೆನ್ನುಹುರಿಯಲ್ಲಿ ಒಂದು ‘ಬಾಗಿಲು’ ಇದೆಯೆಂದೂ, ಸ್ಪರ್ಶದ ಸಂದೇಶಗಳು ನುಗ್ಗಿದಾಗ ನೋವಿನ ಸಂದೇಶಕ್ಕೆ ಬಾಗಿಲು ಅರೆ ಮುಚ್ಚುತ್ತದೆಂದೂ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಸೂಚಿಸಿದರು. 1975ರಲ್ಲಿ ಮಿದುಳೇ ತಯಾರಿಸುವ, ಅಫೀಮಿನಂತೆ ಕೆಲಸ ಮಾಡುವ ರಾಸಾಯನಿಕಗಳು ಪತ್ತೆಯಾದವು. 1977ರ ಪ್ರಯೋಗವೊಂದರಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವಿನ ಬಿಂದುವಿಗೆ ಸೂಜಿ ಚುಚ್ಚಿದಾಗ ಹಲ್ಲಿನ ನೋವು ಕಡಿಮೆಯಾಯಿತು. ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಔಷಧಿ ಕೊಟ್ಟೊಡನೆ ಆ ಲಾಭ ಅಳಿಸಿಹೋಯಿತು. ಅಂದರೆ ಸೂಜಿ ದೇಹದೊಳಗಿನ ಔಷಧಿ ಅಂಗಡಿಯ ಬಾಗಿಲು ತಟ್ಟುತ್ತಿರಬಹುದು.

ಇನ್ನೊಂದು ಪ್ರಶ್ನೆ ಉಳಿಯಿತು. ಸೂಜಿ ಸರಿಯಾದ ಬಿಂದುವಿಗೇ ಬೀಳಬೇಕೇ? ಜರ್ಮನಿಯಲ್ಲಿ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿದವರಲ್ಲಿ ಆರು ತಿಂಗಳ ನಂತರ ಗುಣ ಕಂಡವರು ಶೇ. 47.6. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿದವರಲ್ಲಿ ಶೇ. 44.2. ಔಷಧಿ, ವ್ಯಾಯಾಮಗಳ ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಶೇ. 27.4. ಸೂಜಿ ಗೆದ್ದಿತು, ನಕಾಶೆ ಹೆಚ್ಚುಕಡಿಮೆ ಸೋತಿತು! ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲೂ ನಿಜವಾದ ಸೂಜಿಗೂ ಹುಸಿ ಸೂಜಿಗೂ ವ್ಯತ್ಯಾಸ ಇತ್ತು, ಆದರೆ ಸಣ್ಣದು. ವೈದ್ಯರ ಸಮಾಧಾನದ ಮಾತು, ಅರ್ಧ ಗಂಟೆಯ ವಿಶ್ರಾಂತಿ, ಗುಣವಾಗುತ್ತದೆಂಬ ನಂಬಿಕೆ ಇವೂ ಲೆಕ್ಕಕ್ಕೆ ಸೇರುತ್ತವೆ.

ಈ ಸೂಜಿ ಭಾರತಕ್ಕೆ ಬಂದ ದಾರಿಯೂ ಕುತೂಹಲದ್ದೇ. ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ 1938ರಲ್ಲಿ ನಮ್ಮ ಐವರು ವೈದ್ಯರು ಸೇವೆಗೆ ಹೋದರು. ಅವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಹಿಂದಿರುಗಿದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕಲ್ಕತ್ತದಲ್ಲಿ ರೋಗಿಗಳಿಗೆ ಕೊಡತೊಡಗಿದರು.

ವಿದ್ಯಾರ್ಥಿಗಳು ರೆಸ್ಟನ್ ಅವರ ಕಥೆಯನ್ನು ಇನ್ನೊಮ್ಮೆ ಓದಬೇಕು. ನಿಕ್ಸನ್ ಸುದ್ದಿ ಕೇಳಿದ ನಂತರ ನೋವು ಬಂತು. ಸುದ್ದಿಯಿಂದಲೇ ಅಪೆಂಡಿಕ್ಸ್ ಊದಿತೆಂದು ಯಾರೂ ಹೇಳುವುದಿಲ್ಲ. ಸೂಜಿ ಚುಚ್ಚಿದ ನಂತರ ಉಬ್ಬರ ಇಳಿಯಿತು. ಸೂಜಿಯಿಂದಲೇ ಇಳಿಯಿತೆಂದು ಮಾತ್ರ ಎಲ್ಲರೂ ಒಪ್ಪಿಬಿಟ್ಟರು. ಶಸ್ತ್ರಚಿಕಿತ್ಸೆಯ ನಂತರದ ಇಂಥ ಉಬ್ಬರ ತಾನಾಗಿಯೇ ಇಳಿಯುವುದೂ ಉಂಟು. ‘ನಂತರ’ ಎಂಬುದಕ್ಕೂ ‘ಅದರಿಂದ’ ಎಂಬುದಕ್ಕೂ ಇರುವ ಅಂತರವೇ ವಿಜ್ಞಾನದ ಮೊದಲ ಪಾಠ.

ತಂದೆತಾಯಂದಿರಿಗೂ ಅದರಲ್ಲಿ ಒಂದು ಪಾಠವಿದೆ. ಬೀಜಿಂಗಿನ ವೈದ್ಯರು ಮೊದಲು ಕಾಯಿಲೆ ಏನೆಂದು ಪತ್ತೆ ಮಾಡಿದರು, ಕತ್ತರಿಸಬೇಕಾದದ್ದನ್ನು ಕತ್ತರಿಸಿದರು. ಉಳಿದ ಸಂಕಟಕ್ಕೆ ಸೂಜಿ ಹಿಡಿದರು. ಈ ಕ್ರಮ ಹಿಂದುಮುಂದಾಗಿದ್ದರೆ ಅಪೆಂಡಿಕ್ಸ್ ಒಡೆದು ಪ್ರಾಣಕ್ಕೇ ಕುತ್ತು ಬರಬಹುದಿತ್ತು. ನೋವು ದೇಹ ಕಳಿಸುವ ತಂತಿ ಸಂದೇಶ. ಓದದೆ ಹರಿದುಹಾಕಬಾರದು. ಮಗುವಿಗೆ ಹೊಟ್ಟೆನೋವು, ಜ್ವರ ಒಟ್ಟಿಗೆ ಬಂದರೆ ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಹಳೆಯ ಮಂಡಿನೋವು, ಸೊಂಟನೋವಿಗೆ ಸೂಜಿ ಪ್ರಯತ್ನಿಸುವವರು ತರಬೇತಾದವರ ಬಳಿ, ಒಮ್ಮೆ ಬಳಸಿ ಎಸೆಯುವ ಸೂಜಿಯಲ್ಲೇ ಮಾಡಿಸಿಕೊಳ್ಳಬೇಕು. ಅಡ್ಡಾದಿಡ್ಡಿ ಚುಚ್ಚಿದರೆ ಶ್ವಾಸಕೋಶಕ್ಕೂ ತೂತು ಬಿದ್ದೀತು.

ರೆಸ್ಟನ್ ಅವರಿಗೆ ಸೂಜಿ ಹಾಕಿದ ಆ ವೈದ್ಯರು ಕಲಿಯುವಾಗ ಸೂಜಿಗಳನ್ನು ಎಷ್ಟೋ ಸಲ ತಮ್ಮ ಮೈಗೇ ಚುಚ್ಚಿಕೊಂಡು ಅಭ್ಯಾಸ ಮಾಡಿದ್ದರಂತೆ. ಪರರ ಮೈಗೆ ಸೂಜಿ ತಾಗಿಸುವ ಮುನ್ನ ತನ್ನ ಮೈಯಲ್ಲಿ ಪರೀಕ್ಷೆ. ಮೆರಿಡಿಯನ್‌ಗಳು ಇರಲಿ, ಇಲ್ಲದಿರಲಿ, ಆ ವಿವೇಕವನ್ನಂತೂ ಎಲ್ಲರೂ ಕಲಿಯಬಹುದು.