ಕಿತ್ತಳೆ ಬುಟ್ಟಿಯ ದಾಸೋಹ

ಬೆಳ್ತಂಗಡಿ, ಬಂಟ್ವಾಳಗಳನ್ನು ಹಾದು ಬರುವ ನೇತ್ರಾವತಿಯ ದಡದಲ್ಲಿ ಹರೇಕಳವಿದೆ. ಅಲ್ಲಿಯ ಹಾಜಬ್ಬನವರು ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಮ್ಮೆ ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಉತ್ತರಿಸಲಾಗದೆ ಪಟ್ಟ ಸಂಕೋಚವೇ ನ್ಯೂಪಡ್ಪುವಿನ ಶಾಲೆಗೆ ಬೀಜವಾಯಿತು.

ದಾಸೋಹವೆಂದರೆ ಮಿಕ್ಕುದನ್ನು ಕೊಡುವುದೆಂದು ಹಲವರ ಭಾವನೆ. ಈ ಕಾಯಕಜೀವಿಗೆ ಮಿಗುತ್ತಿದ್ದುದೇ ಅತ್ಯಲ್ಪ. ಅದರಲ್ಲಿಯೇ ಕೂಡಿಟ್ಟರು, ಕಚೇರಿಗಳಿಗೆ ಅಲೆದರು, ದಾನಿಗಳ ಮುಂದೆ ನಿಂತರು. ಹಸಿವಿಗಾಗಿ ಕೈಯೊಡ್ಡುವುದು ಒಂದು ಬಗೆ. ಊರ ಮಕ್ಕಳಿಗಾಗಿ ಒಡ್ಡಲು ಅಹಂಕಾರ ಪೂರ್ತಿ ಕರಗಿರಬೇಕು. 2000ದ ಹೊತ್ತಿಗೆ 28 ಮಕ್ಕಳಿದ್ದ ಆ ಸರ್ಕಾರಿ ಶಾಲೆ ಮುಂದೆ ಪ್ರೌಢಶಾಲೆಯಾಗಿ ಬೆಳೆಯಿತು. 2020ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋಗಿ ಸ್ವೀಕರಿಸಿದರು. ಆಮೇಲೂ ಅವರು ಕೇಳಿದ್ದು ಊರಿಗೊಂದು ಪದವಿಪೂರ್ವ ಕಾಲೇಜು.